ಅಮೆರಿಕದ ಸೈನಿಕನನ್ನು ಮದುವೆಯಾದವರಿಗೆ: ಡಿಪೆಂಡೆಂಟ್ ಐಡಿ ಕಾರ್ಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯವಳು. ನನ್ನ ಗಂಡ ಅಮೆರಿಕದ ಭೂಸೇನೆಯಲ್ಲಿದ್ದಾರೆ. ಟೆಕ್ಸಸ್‌ನ ಕಿಲೀನ್ ಊರಿನಲ್ಲಿ, ಫೋರ್ಟ್ ಹುಡ್ ಎಂಬ ಸೇನಾ ನೆಲೆಯ (ಬೇಸ್) ಪಕ್ಕದಲ್ಲೇ ನಮ್ಮ ಮನೆ. ಊರಿನಲ್ಲಿ ಮದುವೆ ಸೀಸನ್ ಮುಗಿಯುತ್ತಿದ್ದ ಹಾಗೆ ನನಗೆ ಫೋನ್ ಬರಲು ಶುರುವಾಗುತ್ತದೆ. ಹೊಸದಾಗಿ ಬಂದ ಹೆಣ್ಣುಮಕ್ಕಳು, ಅವರ ಅಪ್ಪ ಅಮ್ಮ, ಒಮ್ಮೊಮ್ಮೆ ಮದುಮಗನೇ. ಎಲ್ಲರದ್ದೂ ಹೆಚ್ಚುಕಮ್ಮಿ ಅದೇ ಪ್ರಶ್ನೆಗಳು. ಅವರು ಕೇಳಿದ ಹಾಗೆಯೇ ಬರೆದು ಉತ್ತರ ಕೊಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಡಿಪೆಂಡೆಂಟ್ ಐಡಿ ಅಂದ್ರೆ ಏನಕ್ಕಾ? ನಮ್ಮ ದೊಡ್ಡಪ್ಪ ಮಿಲಿಟರಿಯಲ್ಲಿದ್ರು, ಅವರ ಕ್ಯಾಂಟೀನ್ ಕಾರ್ಡ್ ತರಾನಾ?

ಸೈನಿಕನ ಮನೆಯವರಿಗೆ ಸೇನೆ ಕೊಡುವ ಗುರುತಿನ ಚೀಟಿ ಇದು, ಕ್ಯಾಂಟೀನ್ ಕಾರ್ಡ್‌ಗಿಂತ ದೊಡ್ಡದು. ಕ್ಯಾಂಟೀನ್ ಕಾರ್ಡ್ ಸಾಮಾನು ಕೊಳ್ಳಲು ಮಾತ್ರ. ಇಲ್ಲಿ ಬೇಸ್‌ನ ಗೇಟು ದಾಟಲು, ಆಸ್ಪತ್ರೆಗೆ, ಅಂಗಡಿಗೆ, ಜಿಮ್‌ಗೆ, ಲೈಬ್ರರಿಗೆ ಎಲ್ಲದಕ್ಕೂ ಇದೊಂದೇ ಕಾರ್ಡ್. ವಿಮಾನ ನಿಲ್ದಾಣದ ತಪಾಸಣೆಯಲ್ಲೂ ಗುರುತಿನ ಚೀಟಿಯಾಗಿ ನಡೆಯುತ್ತದೆ. ಇದರ ಪೂರ್ತಿ ಹೆಸರು ಯೂನಿಫಾರ್ಮ್ಡ್ ಸರ್ವೀಸಸ್ ಐಡಿ ಕಾರ್ಡ್. ಹಿಂದೆ ಲ್ಯಾಮಿನೇಟ್ ಮಾಡಿದ ಕಂದು ಬಣ್ಣದ ಕಾರ್ಡ್ ಇತ್ತು. 2020ರ ಜುಲೈ ಕೊನೆಯಿಂದ ಗಟ್ಟಿ ಪ್ಲಾಸ್ಟಿಕ್ಕಿನ ಹೊಸ ಕಾರ್ಡ್ ಕೊಡುತ್ತಿದ್ದಾರೆ. ಸೈನಿಕರ ಕಾರ್ಡ್‌ನಲ್ಲಿರುವ ಚಿಪ್ ನಮ್ಮದರಲ್ಲಿ ಇರುವುದಿಲ್ಲ, ಬಾರ್‌ಕೋಡ್ ಇರುತ್ತದೆ. ದುಡ್ಡು ಕೊಡಬೇಕಾಗಿಲ್ಲ.

'ಡಿಪೆಂಡೆಂಟ್' ಅನ್ನುವ ಪದ ಕೆಲವರಿಗೆ ಚುಚ್ಚುತ್ತದೆ. ನನಗೂ ಚುಚ್ಚಿತ್ತು. ಎಂಎಸ್ಸಿ ಓದಿ, ನಾಲ್ಕು ವರ್ಷ ಪಾಠ ಮಾಡಿ ಬಂದವಳನ್ನು 'ಅವಲಂಬಿತೆ' ಅಂದರೆ ಹೇಗೆ ಅನ್ನಿಸಬೇಡ? ಆದರೆ ಕಚೇರಿಯ ಲೆಕ್ಕದಲ್ಲಿ ಅದು ಬರೀ ಒಂದು ಕಾಲಂನ ಹೆಸರು. ಸೈನಿಕನಿಗೆ 'ಸ್ಪಾನ್ಸರ್' ಅನ್ನುತ್ತಾರೆ, ಮನೆಯವರಿಗೆ 'ಡಿಪೆಂಡೆಂಟ್' ಅನ್ನುತ್ತಾರೆ. ಫಾರ್ಮ್ ತುಂಬುವಾಗ ಈ ಎರಡು ಪದ ನೆನಪಿದ್ದರೆ ಸಾಕು.

ಇದು ಎಚ್-4 ಇದ್ದ ಹಾಗಾ? ಕಾರ್ಡ್ ಬಂದ್ರೆ ಕೆಲಸಕ್ಕೆ ಹೋಗಬಹುದಾ?

ಇಲ್ಲ. ಎಚ್-4 ಅಂದರೆ ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಸಿಗುವ ವೀಸಾ. ಈ ಕಾರ್ಡ್ ವೀಸಾನೂ ಅಲ್ಲ, ಗ್ರೀನ್ ಕಾರ್ಡೂ ಅಲ್ಲ, ಕೆಲಸದ ಪರವಾನಗಿಯೂ ಅಲ್ಲ. ನಿಮ್ಮ ವಲಸೆ ಕಾಗದಗಳ ದಾರಿಯೇ ಬೇರೆ, ಈ ಕಾರ್ಡ್‌ನ ದಾರಿಯೇ ಬೇರೆ. ಕಾರ್ಡ್ ಪಡೆಯಲು ನೀವು ಅಮೆರಿಕದ ಪ್ರಜೆ ಆಗಿರಬೇಕಿಲ್ಲ, ಭಾರತದ ಪಾಸ್‌ಪೋರ್ಟ್ ಇದ್ದರೂ ಸಿಗುತ್ತದೆ. ಆದರೆ ಕಾರ್ಡ್ ಇದೆ ಎಂದು ವೀಸಾ ಅವಧಿ ಮರೆತು ಕೂತರೆ ಕಷ್ಟ.

ನಿಶ್ಚಿತಾರ್ಥ ಆಗಿದೆ. ಮದುವೆಗೆ ಇನ್ನೂ ಆರು ತಿಂಗಳಿದೆ. ಈಗಲೇ ಅರ್ಜಿ ಹಾಕಬಹುದಾ?

ಆಗುವುದಿಲ್ಲ. ಕಾನೂನಿನ ಪ್ರಕಾರ ಮದುವೆ ಆಗಿರಲೇಬೇಕು. ಮದುವೆಯಾಗಲೆಂದೇ ಕೊಡುವ ಕೆ-1 ವೀಸಾದಲ್ಲಿ ಬಂದವರೂ ಇಲ್ಲಿ ಮದುವೆಯಾಗಿ ಸರ್ಟಿಫಿಕೇಟ್ ಕೈಗೆ ಬಂದ ಮೇಲೆಯೇ ಹೋಗಬೇಕು. ಈ ಆರು ತಿಂಗಳನ್ನು ಹೆಸರು, ಜನ್ಮದಿನಾಂಕ ಸರಿಪಡಿಸಿಕೊಳ್ಳಲು ಬಳಸಿಕೊಳ್ಳಿ. ಅದು ಹೇಗೆಂದು ಕೆಳಗೆ ಬರೆದಿದ್ದೇನೆ.

ನಮ್ಮ ಅಳಿಯಂದಿರು ಫುಲ್ ಟೈಮ್ ಸೈನಿಕರಲ್ಲ, ನ್ಯಾಷನಲ್ ಗಾರ್ಡ್. ಮಗಳಿಗೆ ಕಾರ್ಡ್ ಸಿಗುತ್ತಾ?

ಸಿಗುತ್ತದೆ. ಗಾರ್ಡ್ ಮತ್ತು ರಿಸರ್ವ್‌ನವರ ಹೆಂಡತಿಗೂ ಕಾರ್ಡ್ ಇದೆ, ಬೇಸ್‌ನ ಅಂಗಡಿಗಳಿಗೂ ಹೋಗಬಹುದು. ವ್ಯತ್ಯಾಸ ಇರುವುದು ವೈದ್ಯಕೀಯ ಸೌಲಭ್ಯದಲ್ಲಿ. ಅಳಿಯ 30 ದಿನಕ್ಕಿಂತ ಜಾಸ್ತಿ ಅವಧಿಯ ಕರ್ತವ್ಯದ ಆದೇಶದ ಮೇಲೆ ಹೋದಾಗ ಸಕ್ರಿಯ ಸೈನಿಕರ ಕುಟುಂಬದ ಸೌಲಭ್ಯ ಬರುತ್ತದೆ. ಉಳಿದ ಸಮಯದಲ್ಲಿ ಟ್ರೈಕೇರ್ ರಿಸರ್ವ್ ಸೆಲೆಕ್ಟ್ ಎಂಬ ವಿಮೆಯನ್ನು ತಿಂಗಳ ಕಂತು ಕಟ್ಟಿ ಕೊಳ್ಳಬಹುದು.

ಸೇನೆಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯಲ್ಲಿ ಕೆಲಸ ಮಾಡುವವರ ಮನೆಯವರೂ ಇದನ್ನು ಕೇಳುತ್ತಾರೆ. ಅವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ಎಲ್ಲರೂ 'ಡೀರ್ಸ್ ಆಯ್ತಾ, ಡೀರ್ಸ್ ಆಯ್ತಾ' ಅಂತಾರೆ. ಅದೇನು? ಕಾರ್ಡೇ ಅಲ್ವಾ ಅದು?

ಡೀರ್ಸ್ ಅಂದರೆ ಸೇನೆಯ ಕಂಪ್ಯೂಟರ್‌ನಲ್ಲಿರುವ ಒಂದು ದಾಖಲೆ ಪುಸ್ತಕ. ಅಮೆರಿಕದ ಸೇನೆಗೆ ಸೇರಿದ ಪ್ರತಿ ಸೈನಿಕ, ಅವನ ಹೆಂಡತಿ, ಮಕ್ಕಳು ಎಲ್ಲರ ಹೆಸರೂ ಅದರಲ್ಲಿರುತ್ತದೆ. ಮೊದಲು ನಿಮ್ಮ ಹೆಸರು ಅಲ್ಲಿ ಏರಬೇಕು, ಆಮೇಲೆ ಕಾರ್ಡ್. ನಮ್ಮ ಕಡೆ ರೇಷನ್ ಕಾರ್ಡ್‌ಗೆ ಸೊಸೆಯ ಹೆಸರು ಸೇರಿಸುತ್ತೇವಲ್ಲ, ಆ ಲೆಕ್ಕ. ಭಾರತೀಯ ಸೇನೆಯಲ್ಲಿದ್ದವರು ಮನೆಯಲ್ಲಿದ್ದರೆ 'ಪಾರ್ಟ್ ಟೂ ಆರ್ಡರ್' ಅನ್ನಿ, ತಟ್ಟನೆ ಅರ್ಥವಾಗುತ್ತದೆ.

ಗಂಡನಿಗೆ ಒಂದು ಮಾತು ಹೇಳಿ. ಡೀರ್ಸ್‌ಗೆ ಹೆಸರು ಸೇರಿಸಿದರೆ ಎಲ್ಲ ಮುಗಿಯಿತು ಎಂದಲ್ಲ. ಸಂಸಾರವಿರುವ ಸೈನಿಕನ ಮನೆ ಭತ್ಯೆ ಜಾಸ್ತಿಯಾಗುತ್ತದೆ, ಅದಕ್ಕೆ ಮ್ಯಾರೇಜ್ ಸರ್ಟಿಫಿಕೇಟನ್ನು ಸಂಬಳದ ಕಚೇರಿಗೂ ಬೇರೆಯಾಗಿ ಕೊಡಬೇಕು. ಹಾಗೆಯೇ ಸೈನಿಕನ ವಿಮೆಯ ಜೊತೆ ಹೆಂಡತಿಗೂ 1,00,000 ಡಾಲರ್‌ವರೆಗೆ ಜೀವವಿಮೆ ತಾನಾಗಿ ಶುರುವಾಗುತ್ತದೆ, ಕಂತು ಸಂಬಳದಲ್ಲಿ ಮುರಿಯುತ್ತದೆ. ಬೇಡವಾದರೆ ಬರೆದುಕೊಡಬೇಕು.

## ಕಾಗದ ಪತ್ರಗಳು

ಏನೇನು ತಗೊಂಡು ಹೋಗಬೇಕು? ಪಟ್ಟಿ ಕೊಡಿ.

ಮ್ಯಾರೇಜ್ ಸರ್ಟಿಫಿಕೇಟ್, ನಿಮ್ಮ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಇನ್ನೊಂದು ಗುರುತಿನ ಚೀಟಿ, ಇದ್ದರೆ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ (ನಮ್ಮ ಆಧಾರ್ ತರಹ, ಅಮೆರಿಕ ಸರ್ಕಾರ ಕೊಡುವ ನಂಬರಿನ ಕಾರ್ಡ್). ಇಬ್ಬರಲ್ಲಿ ಯಾರಿಗಾದರೂ ಮೊದಲೇ ಮದುವೆಯಾಗಿ ಮುರಿದಿದ್ದರೆ ಆ ವಿಚ್ಛೇದನದ ಆದೇಶ ಅಥವಾ ಮೊದಲಿನವರ ಮರಣ ಪ್ರಮಾಣಪತ್ರ. ಎಲ್ಲವೂ ಮೂಲ ಪ್ರತಿ ಅಥವಾ ಕಚೇರಿಯಿಂದ ದೃಢೀಕರಿಸಿದ ಪ್ರತಿಯೇ ಆಗಬೇಕು. ಜೆರಾಕ್ಸ್ ನಡೆಯುವುದಿಲ್ಲ.

ಇದರ ಜೊತೆ ಡಿಡಿ ಫಾರ್ಮ್ 1172-2. ಇದೇ ಅರ್ಜಿ. ಸಹಿ ಹಾಕಬೇಕಾದವರು ನಿಮ್ಮ ಗಂಡ, ನೀವಲ್ಲ. ಇಬ್ಬರೂ ಒಟ್ಟಿಗೆ ಹೋದರೆ ಕಚೇರಿಯಲ್ಲೇ ತಯಾರಾಗುತ್ತದೆ.

ಕನ್ನಡದಲ್ಲಿರುವ ಯಾವ ಕಾಗದಕ್ಕೂ ಇಂಗ್ಲಿಷ್ ಅನುವಾದ ಬೇಕು. ಅನುವಾದಕರು 'ನನಗೆ ಎರಡೂ ಭಾಷೆ ಬರುತ್ತದೆ, ಇದು ಪೂರ್ತಿಯಾದ ಸರಿಯಾದ ಅನುವಾದ' ಎಂದು ಬರೆದು ಸಹಿ ಮಾಡಿರಬೇಕು. ಸೀಲ್‌ನಲ್ಲಿ, ಅಂಚಿನಲ್ಲಿ ಕೈಬರಹದಲ್ಲಿ ಏನಾದರೂ ಇದ್ದರೆ ಅದನ್ನೂ ಬಿಡಬಾರದು.

ದೇವಸ್ಥಾನದಲ್ಲಿ ಮದುವೆ ಆಗಿದೆ. ದೇವಸ್ಥಾನದವರು ಕೊಟ್ಟ ರಸೀದಿ, ಫೋಟೋ ಆಲ್ಬಂ ಎಲ್ಲ ಇದೆ. ಸಾಕಲ್ವಾ?

ಸಾಲದು. ಕಲ್ಯಾಣಮಂಟಪದವರು ಕೊಟ್ಟ ಪತ್ರವೂ ಸಾಲದು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ ಸರ್ಕಾರಿ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಆ ರಸೀದಿ, ಲಗ್ನಪತ್ರಿಕೆ, ಫೋಟೋ ಇವೆಲ್ಲ ಅಲ್ಲಿ ನೋಂದಣಿಗೆ ಆಧಾರವಾಗಿ ಕೆಲಸಕ್ಕೆ ಬರುತ್ತವೆ. ಮೂವರು ಸಾಕ್ಷಿಗಳನ್ನೂ ಕರೆದುಕೊಂಡು ಹೋಗಿ. 2024ರಿಂದ ಹಿಂದೂ ವಿವಾಹ ನೋಂದಣಿಯನ್ನು ಕಾವೇರಿ 2.0 ತಂತ್ರಾಂಶದಲ್ಲಿ ಆನ್‌ಲೈನ್ ಆಗಿಯೂ ಮಾಡಬಹುದು. ನಿಕಾಹ್‌ನಾಮಾ ಇದ್ದವರೂ ಅದರ ಮೇಲೆ ಸರ್ಕಾರಿ ನೋಂದಣಿ ಮಾಡಿಸಿಬಿಡಿ.

ಮದುವೆ ಆದ ವಾರದಲ್ಲೇ ಈ ಕೆಲಸ ಮುಗಿಸಿ. ಬೀಗರ ಊಟ, ನೆಂಟರ ಮನೆ ಸುತ್ತಾಟ ಎಂದು ದಿನ ಕಳೆದು, ಹುಡುಗನ ರಜೆ ಮುಗಿದು ಅವನು ವಿಮಾನ ಹತ್ತಿದ ಮೇಲೆ ಫೋನ್ ಮಾಡುವವರೇ ಜಾಸ್ತಿ. ನೋಂದಣಿಗೆ ಇಬ್ಬರ ಸಹಿಯೂ ಬೇಕು. ದೃಢೀಕೃತ ಪ್ರತಿ ಮೂರಾದರೂ ಇರಲಿ. ವೀಸಾಗೆ, ಸಂಬಳದ ಕಚೇರಿಗೆ, ಡೀರ್ಸ್‌ಗೆ ಎಲ್ಲಕ್ಕೂ ಒಂದನ್ನೇ ಎಳೆದಾಡಿದರೆ ಮಡಿಕೆಯಲ್ಲೇ ಹರಿಯುತ್ತದೆ.

ಹುಡುಗ ಅಮೆರಿಕದವನೇ, ಕ್ರಿಶ್ಚಿಯನ್. ನಾವು ಲಿಂಗಾಯತರು. ಊರಲ್ಲಿ ಮದುವೆ ಮಾಡಿ ಅಲ್ಲೇ ರಿಜಿಸ್ಟರ್ ಮಾಡಿಸಬಹುದಾ?

ಹಿಂದೂ ವಿವಾಹ ಕಾಯ್ದೆಯಡಿ ಆಗುವುದಿಲ್ಲ, ಅದಕ್ಕೆ ಇಬ್ಬರೂ ಹಿಂದೂಗಳಾಗಿರಬೇಕು. ನಿಮಗಿರುವುದು 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಸೈನಿಕನಿಗೆ ಸಿಗುವ ರಜೆ ತಿಂಗಳಿಗೆ ಎರಡೂವರೆ ದಿನ, ವರ್ಷಕ್ಕೆ 30. ಲೆಕ್ಕ ಹಾಕಿ ನೋಡಿ, ವರ್ಷದ ರಜೆಯೆಲ್ಲ ಕಾಯುವುದರಲ್ಲೇ ಹೋಗುತ್ತದೆ.

ಹಾಗಾಗಿ ಇಂಥ ಜೋಡಿಗಳಲ್ಲಿ ಕೆಲವರು ಊರಲ್ಲಿ ಶಾಸ್ತ್ರ ಮಾಡಿಕೊಂಡು, ಕಾನೂನಿನ ಮದುವೆಯನ್ನು ಅಮೆರಿಕದ ಕೋರ್ಟ್‌ಹೌಸ್‌ನಲ್ಲಿ ಮಾಡಿಕೊಳ್ಳುತ್ತಾರೆ. ಅದಕ್ಕೆ ತಕ್ಕ ವೀಸಾ ಇರಬೇಕು ಅನ್ನುವುದು ಮುಖ್ಯ. ಟೂರಿಸ್ಟ್ ವೀಸಾದಲ್ಲಿ ಬಂದು ಮದುವೆಯಾಗಿ ಉಳಿದುಬಿಡೋಣ ಎಂದು ಯಾರಾದರೂ ಸಲಹೆ ಕೊಟ್ಟರೆ, ಮೊದಲು ವಲಸೆ ವಕೀಲರನ್ನು ಕೇಳಿ. ಬೇಸ್‌ನ ಲೀಗಲ್ ಅಸಿಸ್ಟೆನ್ಸ್ ಕಚೇರಿಯಲ್ಲಿ ಸೈನಿಕರಿಗೆ ವಕೀಲರ ಸಲಹೆ ಉಚಿತ.

ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಇಲ್ಲ, ಬರೀ ಹೆಸರಿದೆ. ತೊಂದರೆ ಆಗುತ್ತಾ?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ.

ನಮ್ಮಲ್ಲಿ ಹೆಸರು ಅಂದರೆ ಒಂದು ಹೆಸರು, ಹಿಂದೊಂದು ಇನಿಶಿಯಲ್. ಇನಿಶಿಯಲ್ ಊರಿನದೂ ಆಗಿರಬಹುದು, ಅಪ್ಪನದೂ ಆಗಿರಬಹುದು. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಕಾಲಂ ಖಾಲಿ ಬಿಟ್ಟಿರುತ್ತೇವೆ. ಅಮೆರಿಕದ ವೀಸಾದಲ್ಲಿ ಸರ್‌ನೇಮ್ ಖಾಲಿ ಬಿಡುವಂತಿಲ್ಲ. ಹಾಗಾಗಿ ನಿಮ್ಮ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಮುದ್ರಿಸುತ್ತಾರೆ. 'ಮೊದಲ ಹೆಸರು ಗೊತ್ತಿಲ್ಲ' ಎಂದು ಅದರ ಅರ್ಥ. ಅಲ್ಲಿಂದ ಮುಂದೆ ಬರುವ ಕಾಗದಗಳಿಗೂ ಅದು ಅಂಟಿಕೊಳ್ಳುತ್ತಾ ಹೋಗುತ್ತದೆ.

ನನ್ನದು ಹಾಗೇ ಆಯಿತು. ಮ್ಯಾರೇಜ್ ಸರ್ಟಿಫಿಕೇಟ್‌ನಲ್ಲಿ ಹೆಸರು ಮತ್ತು ಅಪ್ಪನ ಹೆಸರು, ವೀಸಾದಲ್ಲಿ ಎಫ್‌ಎನ್‌ಯು, ಜನನ ಪ್ರಮಾಣಪತ್ರದಲ್ಲಿ ಮನೆಯಲ್ಲಿ ಕರೆಯುವ ಹೆಸರು. ಕೌಂಟರ್‌ನಲ್ಲಿದ್ದ ಹೆಂಗಸು ಮೂರೂ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂದರ ಮೇಲೆ ಬೆರಳಿಟ್ಟು 'ಇವರು ಯಾರು?' ಅಂದಳು. ನಾನೇ ಅಂದೆ. ಮುಂದಿನದಕ್ಕೆ ಬೆರಳಿಟ್ಟು 'ಹಾಗಾದರೆ ಇವರು?' ಅದೂ ನಾನೇ. ಅವಳದ್ದು ಜಗಳವಲ್ಲ, ನಿಜವಾಗಿಯೂ ಅರ್ಥವಾಗಿರಲಿಲ್ಲ. ಆ ದಿನ ಕಾರ್ಡ್ ಸಿಗಲಿಲ್ಲ. ಊರಿನಿಂದ ಅಫಿಡವಿಟ್ ತರಿಸಿ, ತಿದ್ದಿದ ಪ್ರಮಾಣಪತ್ರ ತರಿಸಿ, ಮತ್ತೆ ಹೋಗುವಷ್ಟರಲ್ಲಿ ಏಳು ವಾರವಾಗಿತ್ತು.

ಆದ್ದರಿಂದ ವೀಸಾ ಅರ್ಜಿಗೆ ಮೊದಲೇ ಪಾಸ್‌ಪೋರ್ಟ್ ರೀ-ಇಶ್ಯೂ ಮಾಡಿಸಿ, ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳಿ. ಆಮೇಲೆ ಅದೇ ಹೆಸರು, ಅದೇ ಸ್ಪೆಲಿಂಗ್‌ನಲ್ಲಿ ಮ್ಯಾರೇಜ್ ಸರ್ಟಿಫಿಕೇಟ್ ಬರಲಿ. ಆಧಾರ್‌ನಲ್ಲಿ 'ಲಕ್ಷ್ಮೀ'ಗೆ ಎರಡು 'ಇ', ಸರ್ಟಿಫಿಕೇಟ್‌ನಲ್ಲಿ ಒಂದೇ 'ಐ' ಇದ್ದರೂ ಇಲ್ಲಿ ಅದು ಎರಡು ಜನ.

ನನ್ನ ಬರ್ತ್ ಡೇಟ್ ಎಲ್ಲ ಕಡೆ ಸರಿಯಾಗೇ ಇದೆ. ಅದರಲ್ಲೇನು ಸಮಸ್ಯೆ?

ಬರೆಯುವ ಕ್ರಮದಲ್ಲಿ. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇವೆ. ಇವರು ತಿಂಗಳು ಮೊದಲು. 05-08-1996 ಎಂದರೆ ನಮಗೆ ಆಗಸ್ಟ್ 5, ಇವರಿಗೆ ಮೇ 8. ದಿನದ ಸಂಖ್ಯೆ 12 ದಾಟದ ದಿನಾಂಕಗಳಿಗೆಲ್ಲ ಈ ಗೊಂದಲ ಇದೆ. ಮದುವೆಯ ದಿನಾಂಕವೂ ಹೀಗೇ ತಿರುಗಿಬಿಡಬಹುದು. ಅನುವಾದ ಮಾಡಿಸುವಾಗ ತಿಂಗಳನ್ನು ಅಕ್ಷರದಲ್ಲಿ ಬರೆಸಿ. ಕಚೇರಿಯಲ್ಲಿ ಪರದೆ ನೋಡುವಾಗ ಮೊದಲು ಇದನ್ನೇ ನೋಡಿ.

ನನಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇನ್ನೂ ಬಂದಿಲ್ಲ. ಬರೋ ತನಕ ಕಾಯಬೇಕಾ?

ಬೇಡ. ನಂಬರ್ ಇಲ್ಲದ ವಿದೇಶಿ ಪತ್ನಿಯರಿಗೆ ಡೀರ್ಸ್‌ನಲ್ಲೇ ಬೇರೊಂದು ಗುರುತಿನ ಸಂಖ್ಯೆ ಕೊಟ್ಟು ಹೆಸರು ಸೇರಿಸುತ್ತಾರೆ. ಆಮೇಲೆ ಸೋಶಿಯಲ್ ಬಂದಾಗ ಹೋಗಿ ಬದಲಾಯಿಸಿಕೊಳ್ಳಿ. ಕೌಂಟರ್‌ನಲ್ಲಿ ಹೊಸಬರಿದ್ದು 'ಆಗಲ್ಲ' ಅಂದರೆ ಸುಮ್ನೆ ವಾಪಸ್ ಬರಬೇಡಿ. ಮೇಲ್ವಿಚಾರಕರನ್ನು ಕಾಣಬೇಕು ಎಂದು ಮರ್ಯಾದೆಯಿಂದಲೇ ಕೇಳಿ.

## ಕಚೇರಿಗೆ ಹೋಗುವ ದಿನ

ಗಂಡ ಜೊತೆಗೆ ಬರಲೇಬೇಕಾ? ಅವರು ಟ್ರೇನಿಂಗ್‌ನಲ್ಲಿದ್ದಾರೆ.

ಬಂದರೆ ಸುಲಭ. ಬರಲಾಗದಿದ್ದರೆ ಎರಡು ದಾರಿ. ಅವರು ಐಡಿ ಕಾರ್ಡ್ ಆಫೀಸ್ ಆನ್‌ಲೈನ್ ತಾಣದಲ್ಲಿ ತಮ್ಮ ಸೇನಾ ಕಾರ್ಡ್ ಬಳಸಿ ಡಿಡಿ 1172-2 ಫಾರ್ಮ್‌ಗೆ ಡಿಜಿಟಲ್ ಸಹಿ ಹಾಕಿ ನಿಮಗೆ ಕಳಿಸಬಹುದು, ಇಲ್ಲವೇ ಕಾಗದದ ಮೇಲೆ ಸಹಿ ಮಾಡಿ ನೋಟರಿ ಮಾಡಿಸಬಹುದು. ಆ ಸಹಿಗೆ 90 ದಿನದ ಆಯಸ್ಸು. ಎರಡನೆಯದು ಪವರ್ ಆಫ್ ಅಟಾರ್ನಿ.

ಹೊಸದಾಗಿ ಮದುವೆಯಾದ ಪ್ರತಿ ಜೋಡಿಗೂ ನಾನು ಹೇಳುವುದು, ಅವರು ಎಲ್ಲಿಗಾದರೂ ಹೊರಡುವ ಮೊದಲೇ ಪವರ್ ಆಫ್ ಅಟಾರ್ನಿ ಮಾಡಿಸಿಡಿ. ಲೀಗಲ್ ಅಸಿಸ್ಟೆನ್ಸ್‌ನಲ್ಲಿ ಖರ್ಚಿಲ್ಲದೆ ಆಗುತ್ತದೆ. ಅವರು ಸಂಪರ್ಕಕ್ಕೆ ಸಿಗದ ಕಡೆ ಇದ್ದಾಗ ಬಾಡಿಗೆ ಕರಾರಿನಿಂದ ಹಿಡಿದು ಕಾರಿನ ಕಾಗದದ ತನಕ ಅದೇ ಕೈ ಹಿಡಿಯುತ್ತದೆ.

ನಾನಿನ್ನೂ ದಾವಣಗೆರೆಯಲ್ಲೇ ಇದ್ದೀನಿ, ವೀಸಾ ಬಂದಿಲ್ಲ. ಏನಾದ್ರೂ ಮಾಡಬಹುದಾ?

ಡೀರ್ಸ್‌ಗೆ ಹೆಸರು ಸೇರಿಸುವ ಕೆಲಸ ಮಾಡಬಹುದು. ಅದಕ್ಕೆ ನೀವು ಎದುರಿಗೆ ಇರಬೇಕಿಲ್ಲ, ನಿಮ್ಮ ಕಾಗದಗಳನ್ನು ಗಂಡ ತೆಗೆದುಕೊಂಡು ಹೋದರೆ ಸಾಕು. ಕಾರ್ಡ್‌ಗೆ ಮಾತ್ರ ನೀವೇ ಹೋಗಬೇಕು, ಫೋಟೋ ಮತ್ತು ಬೆರಳಚ್ಚು ಅಲ್ಲೇ ತೆಗೆಯುತ್ತಾರೆ.

ಗಂಡ ಇನ್ನೂ ಗ್ರೀನ್ ಕಾರ್ಡ್‌ನಲ್ಲೇ ಇದ್ದರೆ ಅವರ ಪೌರತ್ವದ ಅರ್ಜಿ ಎಲ್ಲಿಗೆ ಬಂತು ಎಂದು ಕೇಳಿ. ಸೈನಿಕರಿಗೆ ಪೌರತ್ವ ಬೇಗ ಸಿಗುವ ದಾರಿ ಇದೆ, ಅರ್ಜಿಗೆ ಶುಲ್ಕವೂ ಇಲ್ಲ. ಅವರು ಪ್ರಜೆಯಾದರೆ ನಿಮ್ಮ ವೀಸಾಗೆ ಸಂಖ್ಯೆಯ ಮಿತಿಯ ಕಾಯುವಿಕೆ ಇರುವುದಿಲ್ಲ.

ಕಾರ್ಡ್ ಆಫೀಸ್ ಬೇಸ್ ಒಳಗಿದೆ. ಕಾರ್ಡ್ ಇಲ್ದೆ ಒಳಗೆ ಹೋಗೋದು ಹೇಗೆ?

ಗೇಟಿನ ಬಳಿ ವಿಸಿಟರ್ ಸೆಂಟರ್ ಇರುತ್ತದೆ. ಅಲ್ಲಿ ಪಾಸ್‌ಪೋರ್ಟ್ ತೋರಿಸಿ, ಹಿನ್ನೆಲೆ ಪರಿಶೀಲನೆ ಮುಗಿಸಿ ಪಾಸ್ ತೆಗೆದುಕೊಳ್ಳಬೇಕು. ವಿದೇಶಿ ಪಾಸ್‌ಪೋರ್ಟ್ ಇದ್ದವರಿಗೆ ಕೆಲವು ಬೇಸ್‌ಗಳಲ್ಲಿ ಮೊದಲೇ ಅನುಮತಿ ಬೇಕು. ಹಾಗಾಗಿ ಗಂಡ ಹಿಂದಿನ ವಾರವೇ ಫೋನ್ ಮಾಡಿ ವಿಚಾರಿಸಲಿ. ಕೆಲವು ಊರುಗಳಲ್ಲಿ ಬೇಸ್‌ನ ಹೊರಗೂ ಇಂಥ ಕಚೇರಿ ಇರುತ್ತದೆ. ಭೂಸೇನೆಯವರು ನೌಕಾಪಡೆಯ ಕಚೇರಿಗೆ ಹೋದರೂ ನಡೆಯುತ್ತದೆ, ಹತ್ತಿರ ಯಾವುದಿದೆಯೋ ಅಲ್ಲಿಗೆ ಹೋಗಿ. ಅಪಾಯಿಂಟ್‌ಮೆಂಟ್ ಮಾತ್ರ ಮೊದಲೇ ತೆಗೆದುಕೊಳ್ಳಿ.

ಅಲ್ಲಿ ಏನು ಮಾಡ್ತಾರೆ? ಇಂಗ್ಲಿಷ್‌ನಲ್ಲಿ ತುಂಬಾ ಪ್ರಶ್ನೆ ಕೇಳ್ತಾರಾ?

ವೀಸಾ ಇಂಟರ್‌ವ್ಯೂ ಅಲ್ಲ ಇದು. ಹೇಗೆ ಪರಿಚಯ, ಯಾಕೆ ಮದುವೆ ಎಂದು ಯಾರೂ ಕೇಳುವುದಿಲ್ಲ. ಕಾಗದ ನೋಡುತ್ತಾರೆ, ಟೈಪ್ ಮಾಡುತ್ತಾರೆ, ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆಯುತ್ತಾರೆ. ನನ್ನ ಕಾರ್ಡಿನ ಫೋಟೋದಲ್ಲಿ ಹಣೆಬೊಟ್ಟು ಇದೆ, ತೆಗೆಯಿರಿ ಎಂದು ಯಾರೂ ಅನ್ನಲಿಲ್ಲ.

ಬೆರಳಚ್ಚಿನಲ್ಲಿ ಒಂದು ವಿಷಯ ಇದೆ. ನನಗಿಂತ ಆಮೇಲೆ ಬಂದ ಒಬ್ಬ ಹುಡುಗಿಯ ಜೊತೆ ನಾನೇ ಹೋಗಿದ್ದೆ. ಮದುವೆಯಾಗಿ ಎರಡೇ ವಾರ. ಬೆರಳ ತುದಿಯ ತನಕ ಗಾಢ ಮೆಹಂದಿ. ಬೆರಳಿಟ್ಟರೆ ಯಂತ್ರ ಓದುತ್ತಲೇ ಇಲ್ಲ. ತೋರುಬೆರಳು, ಮತ್ತೆ ತೋರುಬೆರಳು, ಎಡಗೈ, ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ. ಅವಳ ಕಣ್ಣಲ್ಲಿ ನೀರು ಬಂದಿತ್ತು. ಕೊನೆಗೆ ಆ ಕಚೇರಿಯ ಹಿರಿಯರೊಬ್ಬರು ಬಂದು, ಅವಳ ಬೆರಳನ್ನು ಮೆಲ್ಲಗೆ ಒತ್ತಿ ಹಿಡಿದುಕೊಂಡರು. ಆರನೇ ಸಲಕ್ಕೆ ಹಸಿರು ದೀಪ ಬಂತು. ಹೊಸ ಮದುಮಗಳಿಗೆ ಮೆಹಂದಿ ಬೇಡ ಅನ್ನಲು ನನಗೆ ಮನಸ್ಸಿಲ್ಲ. ತೋರುಬೆರಳ ತುದಿ ಎರಡನ್ನು ಖಾಲಿ ಬಿಡಿ, ಅಷ್ಟೇ.

ಪ್ರಿಂಟ್ ಒತ್ತುವ ಮೊದಲು ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಕೇಳಿ. ಹೆಸರಿನ ಪ್ರತಿ ಅಕ್ಷರ, ಜನ್ಮದಿನಾಂಕ, ಮದುವೆ ದಿನಾಂಕ ಓದಿ. ನಾಚಿಕೆ ಬೇಡ. ಎಲ್ಲ ಸರಿಯಿದ್ದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಕಾರ್ಡ್ ಅಲ್ಲೇ ಮುದ್ರಣವಾಗಿ, ಇನ್ನೂ ಬೆಚ್ಚಗಿರುವಾಗಲೇ ಕೈಗೆ ಬರುತ್ತದೆ.

## ಕಾರ್ಡ್ ಕೈಗೆ ಬಂದ ಮೇಲೆ

ಈಗ ಆಸ್ಪತ್ರೆಗೆ ಹೋದ್ರೆ ಎಲ್ಲ ಫ್ರೀನಾ?

ಸೇನೆಯ ಆರೋಗ್ಯ ವ್ಯವಸ್ಥೆಯ ಹೆಸರು ಟ್ರೈಕೇರ್. ಮದುವೆಯಾದ ದಿನದಿಂದ 90 ದಿನದೊಳಗೆ ನೀವು ಯಾವ ಪ್ಲಾನ್ ಎಂದು ತೀರ್ಮಾನವಾಗಬೇಕು. ಈ ಗಡುವು ಕಾರ್ಡ್ ಸಿಕ್ಕ ದಿನದಿಂದಲ್ಲ, ಮದುವೆಯ ದಿನದಿಂದ. ಇದನ್ನು ತಪ್ಪಿ ತಿಳಿದವರು ಬಹಳ. ಕಾರ್ಡ್ ಬಂದ ವಾರವೇ ಟ್ರೈಕೇರ್‌ಗೆ ಫೋನ್ ಮಾಡಿ, ನನ್ನ ಹೆಸರು ಯಾವ ಪ್ಲಾನ್‌ನಲ್ಲಿದೆ ಎಂದು ಕೇಳಿಬಿಡಿ. ತಾನಾಗಿ ಆಗಿರುತ್ತದೆ ಎಂದು ಕೂರಬೇಡಿ.

ಮುಖ್ಯವಾಗಿ ಎರಡು ಪ್ಲಾನ್. ಪ್ರೈಮ್‌ನಲ್ಲಿ ನಿಮಗೊಬ್ಬ ಡಾಕ್ಟರ್ ಗೊತ್ತು ಮಾಡುತ್ತಾರೆ. ತಜ್ಞರ ಹತ್ತಿರ ಹೋಗಲು ಅವರ ಚೀಟಿ ಬೇಕು, ಸಕ್ರಿಯ ಸೈನಿಕರ ಮನೆಯವರಿಗೆ ಕೈಯಿಂದ ಖರ್ಚು ಬೀಳುವುದು ತೀರಾ ಕಡಿಮೆ. ಸೆಲೆಕ್ಟ್‌ನಲ್ಲಿ ಡಾಕ್ಟರನ್ನು ನೀವೇ ಆರಿಸಬಹುದು, ಆದರೆ ಪ್ರತಿ ಸಲ ಒಂದು ಪಾಲು ಕೊಡಬೇಕು. ಬೇಸ್ ಹತ್ತಿರವಿರುವ ಹೊಸಬರಿಗೆ ಪ್ರೈಮ್ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬಿಲ್ಲುಗಳ ಇಂಗ್ಲಿಷ್ ಅರ್ಥವಾಗಲು ಒಂದು ವರ್ಷ ಬೇಕು, ಅಲ್ಲಿಯ ತನಕ ಬಿಲ್ಲೇ ಬರದಿದ್ದರೆ ನೆಮ್ಮದಿ. ಹಲ್ಲಿನ ವಿಮೆ ಇದರಲ್ಲಿ ಸೇರಿಲ್ಲ. ಅದಕ್ಕೆ ಬೇರೆ ಹೆಸರು ಬರೆಸಿ ಕಂತು ಕಟ್ಟಬೇಕು.

ಕಮಿಸರಿಯಲ್ಲಿ ನಿಜವಾಗ್ಲೂ ಅಗ್ಗನಾ?

ಕಮಿಸರಿ ದಿನಸಿ ಅಂಗಡಿ, ಎಕ್ಸ್‌ಚೇಂಜ್ ಬಟ್ಟೆ ಪಾತ್ರೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿ. ಎಕ್ಸ್‌ಚೇಂಜ್‌ನಲ್ಲಿ ಮಾರಾಟ ತೆರಿಗೆ ಇಲ್ಲ. ಹೊರಗೆ ಕಿಲೀನ್‌ನಲ್ಲಿ ಅದು ಶೇ. 8.25. ಕಮಿಸರಿಯಲ್ಲಿ ಬಿಲ್ಲಿನ ಮೇಲೆ ಶೇ. 5 ಸೇರಿಸುತ್ತಾರೆ, ಆದರೂ ಹಾಲು, ಮೊಸರು, ತರಕಾರಿ ಅಗ್ಗವೇ. ಸೋನಾ ಮಸೂರಿ ಅಕ್ಕಿ, ರಾಗಿ ಹಿಟ್ಟಿಗೆ ಮಾತ್ರ ನಾವು ತಿಂಗಳಿಗೊಮ್ಮೆ ಆಸ್ಟಿನ್‌ಗೆ ಹೋಗಿಬರುತ್ತೇವೆ.

ಕಮಿಸರಿಯಲ್ಲಿ ಸಾಮಾನನ್ನು ಚೀಲಕ್ಕೆ ತುಂಬಿ ಕಾರಿನ ತನಕ ತಂದುಕೊಡುವವರಿಗೆ ಸಂಬಳ ಇಲ್ಲ. ನೀವು ಕೊಡುವ ಟಿಪ್ಸ್ ಅಷ್ಟೇ ಅವರ ಸಂಪಾದನೆ. ನನಗಿದು ಗೊತ್ತಿರಲಿಲ್ಲ, ಮೊದಲ ಮೂರು ಸಲ ಬರೀ ಥ್ಯಾಂಕ್ಸ್ ಹೇಳಿ ಬಂದಿದ್ದೆ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಪರ್ಸ್‌ನಲ್ಲಿ ಚಿಲ್ಲರೆ ನೋಟು ಇಟ್ಟುಕೊಳ್ಳಿ.

ಕಾರ್ಡ್ ಫೋಟೋ ತೆಗೆದು ಫ್ಯಾಮಿಲಿ ಗ್ರೂಪ್‌ಗೆ ಹಾಕಲಾ? ಅಮ್ಮ ನೋಡ್ಬೇಕು ಅಂತಿದ್ದಾರೆ.

ಹಾಕಬೇಡಿ. ವಿಡಿಯೋ ಕಾಲ್‌ನಲ್ಲಿ ದೂರದಿಂದ ತೋರಿಸಿ. ಕಾರ್ಡ್ ನಿಮ್ಮ ಕೈಯಲ್ಲಿದ್ದರೂ ಅದು ಅಮೆರಿಕ ಸರ್ಕಾರದ ಸ್ವತ್ತು. ಚಿಕಿತ್ಸೆಯಂಥ ಸೌಲಭ್ಯದ ಕೆಲಸಕ್ಕೆ ಆಸ್ಪತ್ರೆಯವರು ಪ್ರತಿ ತೆಗೆಯಬಹುದು. ಮೊಬೈಲ್ ಅಂಗಡಿಯವರು ರಿಯಾಯಿತಿ ಕೊಡುತ್ತೇವೆ ಎಂದು ಜೆರಾಕ್ಸ್ ಕೇಳಿದರೆ ತೋರಿಸಿ ವಾಪಸ್ ತೆಗೆದುಕೊಳ್ಳಿ, ಪ್ರತಿ ಕೊಡಬೇಡಿ. ಕಳೆದುಹೋದರೆ ತಡಮಾಡದೆ ಕಾರ್ಡ್ ಕಚೇರಿಗೆ ತಿಳಿಸಿ, ಎರಡು ಗುರುತಿನ ಚೀಟಿ ಹಿಡಿದು ಹೋಗಿ ಹೊಸದು ಮಾಡಿಸಿ.

ಗಂಡನ ಸರ್‌ನೇಮ್ ಹಾಕಿಕೊಳ್ಳಲೇಬೇಕಾ?

ಬೇಕಿಲ್ಲ. ನಿಮ್ಮ ಹೆಸರಲ್ಲೇ ಕಾರ್ಡ್ ಬರುತ್ತದೆ. ಬದಲಾಯಿಸುವುದಾದರೆ ಮೊದಲು ಸೋಶಿಯಲ್ ಸೆಕ್ಯುರಿಟಿಯಲ್ಲಿ ಬದಲಾಯಿಸಿ, ಆಮೇಲೆ ಡೀರ್ಸ್‌ನಲ್ಲಿ.

ಕಾರ್ಡ್ ಎಷ್ಟು ವರ್ಷ ನಡೆಯುತ್ತೆ?

ಸಾಮಾನ್ಯವಾಗಿ ನಾಲ್ಕು ವರ್ಷ, ಅಥವಾ ಗಂಡನ ಸೇವಾ ಅವಧಿ ಮುಗಿಯುವ ದಿನ, ಯಾವುದು ಮೊದಲೋ ಅದು. ಅವರು ಸೇವೆ ಮುಂದುವರಿಸಲು ಸಹಿ ಮಾಡಿದರೆ ನಿಮ್ಮದೂ ಹೊಸದಾಗಬೇಕು.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಬಾಣಂತನಕ್ಕೆ ಅಮ್ಮ ಮಂಡ್ಯದಿಂದ ಬರ್ತಿದ್ದಾರೆ. ನಾವಿರೋದು ಬೇಸ್ ಒಳಗಿನ ಮನೆ. ಅವರಿಗೂ ಕಾರ್ಡ್ ಸಿಗುತ್ತಾ?

ಕಾರ್ಡ್ ಸಿಗುವುದಿಲ್ಲ. ತಂದೆತಾಯಿ ಅಥವಾ ಅತ್ತೆಮಾವನನ್ನು ಡಿಪೆಂಡೆಂಟ್ ಮಾಡಬೇಕೆಂದರೆ ಅವರ ಖರ್ಚಿನ ಅರ್ಧಕ್ಕಿಂತ ಜಾಸ್ತಿ ಸೈನಿಕನೇ ಹೊರುತ್ತಿದ್ದಾನೆ ಎಂದು ಲೆಕ್ಕಪತ್ರ ಸಮೇತ ತೋರಿಸಬೇಕು. ಆರು ತಿಂಗಳಿಗೆ ಬರುವ ಅಮ್ಮನಿಗೆ ಅದು ಹೊಂದುವುದಿಲ್ಲ. ಅವರಿಗೆ ಬೇಕಾದ್ದು ವಿಸಿಟರ್ ಪಾಸ್. ವಿದೇಶಿಯರಾದ್ದರಿಂದ ಅವರು ವಿಮಾನ ಹತ್ತುವ ಮೊದಲೇ ಪಾಸ್‌ಪೋರ್ಟ್, ವೀಸಾ ಪ್ರತಿ ಕೊಟ್ಟು ಅನುಮತಿ ಕೇಳಿಡಿ. ಇಪ್ಪತ್ತು ಗಂಟೆ ಪ್ರಯಾಣ ಮಾಡಿ, ಕೈಚೀಲದಲ್ಲಿ ಬಾಣಂತಿ ಲೇಹ್ಯದ ಡಬ್ಬಿ ಇಟ್ಟುಕೊಂಡು ಬಂದ ತಾಯಿ ಗೇಟಿನಲ್ಲಿ ನಿಲ್ಲುವ ಹಾಗಾಗಬಾರದು.

ಮಗುವಿಗೆ ಹತ್ತು ವರ್ಷದ ತನಕ ಬೇರೆ ಕಾರ್ಡ್ ಸಾಮಾನ್ಯವಾಗಿ ಬೇಡ. ಆದರೆ ಹೆಸರು ಡೀರ್ಸ್‌ಗೆ ಸೇರಲೇಬೇಕು. ಅಮೆರಿಕದಲ್ಲಿ ಹುಟ್ಟಿದರೆ ಟ್ರೈಕೇರ್‌ಗೆ 90 ದಿನದ ಗಡುವು. ನಾಮಕರಣದ ತನಕ ಹೆಸರು ಇಡುವುದಿಲ್ಲ ಎಂದರೆ ಇಲ್ಲಿ ಕಷ್ಟ, ಆಸ್ಪತ್ರೆಯಲ್ಲೇ ಹೆಸರು ಬರೆಸುವುದು ಒಳ್ಳೆಯದು.

ಗಂಡನಿಗೆ ಜರ್ಮನಿಗೆ ಪೋಸ್ಟಿಂಗ್ ಆಗಿದೆ. ಕಾರ್ಡ್ ಇದೆಯಲ್ಲ, ಜೊತೆಗೆ ಹೋಗಬಹುದಲ್ವಾ?

ಕಾರ್ಡ್ ಒಂದರಿಂದಲೇ ಆಗುವುದಿಲ್ಲ. 'ಕಮಾಂಡ್ ಸ್ಪಾನ್ಸರ್‌ಶಿಪ್' ಎಂಬ ಬೇರೆ ಮಂಜೂರಾತಿ ಬೇಕು, ಅದಕ್ಕೆ ವೈದ್ಯಕೀಯ ತಪಾಸಣೆಯೂ ಇದೆ. ಭಾರತದ ಪಾಸ್‌ಪೋರ್ಟ್ ಇರುವವರು ಆ ದೇಶದ ಪ್ರವೇಶ ನಿಯಮವನ್ನೂ ನೋಡಿಕೊಳ್ಳಬೇಕು. ಆದೇಶದಲ್ಲಿ ನಿಮ್ಮ ಹೆಸರು ಇದೆಯೇ ಎಂದು ಕಣ್ಣಾರೆ ಓದಿ. ಗ್ರೀನ್ ಕಾರ್ಡ್ ಇರುವವರು ಹೊರಡುವ ಮೊದಲು ವಲಸೆ ವಕೀಲರನ್ನು ಕಾಣಿ. ಹೊರದೇಶಕ್ಕೆ ಪೋಸ್ಟಿಂಗ್ ಆದ ಸೈನಿಕರ ಪತ್ನಿಯರಿಗೆ ಪೌರತ್ವ ಬೇಗ ಸಿಗುವ ನಿಯಮ ಇದೆ.

ವಿಚ್ಛೇದನ ಆದ್ರೆ ಕಾರ್ಡ್ ಇಟ್ಕೊಳ್ಳಬಹುದಾ?

ಸಾಮಾನ್ಯವಾಗಿ ಇಲ್ಲ, ವಾಪಸ್ ಕೊಡಬೇಕು. ಒಂದು ವಿನಾಯಿತಿಗೆ 20/20/20 ಎಂದು ಹೆಸರು. ಮದುವೆ 20 ವರ್ಷ, ಗಂಡನ ಸೇವೆ 20 ವರ್ಷ, ಎರಡೂ ಒಟ್ಟಿಗೆ ನಡೆದದ್ದು 20 ವರ್ಷ ಆಗಿದ್ದರೆ, ಮರುಮದುವೆ ಆಗದಿರುವ ತನಕ ಸೌಲಭ್ಯ ಉಳಿಯುತ್ತದೆ. ಗಂಡ ಸೇವೆಯಲ್ಲಿದ್ದಾಗ ತೀರಿಕೊಂಡರೆ ಮಾತು ಬೇರೆ, ಮರುಮದುವೆ ಆಗದ ಪತ್ನಿಗೆ ಕಾರ್ಡ್ ಮುಂದುವರಿಯುತ್ತದೆ.

ಅಕ್ಕಾ, ಬಂದು ಎಂಟು ತಿಂಗಳಾಯ್ತು. ಡೀರ್ಸ್‌ಗೆ ಹೆಸರು ಸೇರಿಸಿಲ್ಲ. ಕೇಳಿದ್ರೆ ಬೈತಾರೆ. ಪಾಸ್‌ಪೋರ್ಟ್ ಕೂಡ ಅವರ ಹತ್ರಾನೇ ಇದೆ. ಏನ್ಮಾಡ್ಲಿ?

ಈ ಪ್ರಶ್ನೆ ನನಗೆ ಒಂದಕ್ಕಿಂತ ಹೆಚ್ಚು ಸಲ ಬಂದಿದೆ, ಯಾವಾಗಲೂ ತಗ್ಗಿದ ದನಿಯಲ್ಲಿ.

ಎಂಟು ತಿಂಗಳು ಅಂದರೆ ಮರೆವಲ್ಲ. ಮದುವೆಯಾದ ಸೈನಿಕ ಹೆಂಡತಿಯ ಹೆಸರನ್ನು ಸೇರಿಸಬೇಕಾದ್ದು ಅವನ ಕರ್ತವ್ಯ, ನಿಮಗೆ ಮಾಡುವ ಉಪಕಾರವಲ್ಲ. ಅವನು ಸಹಿ ಮಾಡದಿದ್ದರೆ ಅವನ ಕಮಾಂಡರ್ ಬಳಿ ಅಥವಾ ಲೀಗಲ್ ಅಸಿಸ್ಟೆನ್ಸ್ ಕಚೇರಿಗೆ ನೀವೇ ಹೋಗಬಹುದು. ಮ್ಯಾರೇಜ್ ಸರ್ಟಿಫಿಕೇಟ್‌ನ ಇನ್ನೊಂದು ದೃಢೀಕೃತ ಪ್ರತಿಯನ್ನು ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಅಪ್ಪನ ಕೈಲಿ ತೆಗೆಸಿ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವ ಹಕ್ಕು ಗಂಡನಿಗಿಲ್ಲ.

ಬೈಗುಳ, ಹೊಡೆತ, ದುಡ್ಡು ಕೊಡದಿರುವುದು, ಹೊರಗೆ ಬಿಡದಿರುವುದು ಏನೇ ಇರಲಿ, ಬೇಸ್‌ನಲ್ಲಿ ಫ್ಯಾಮಿಲಿ ಅಡ್ವೊಕಸಿ ಎಂಬ ವಿಭಾಗ ಇದಕ್ಕೆಂದೇ ಇದೆ. 'ನಿನ್ನನ್ನು ವಾಪಸ್ ಕಳಿಸಿಬಿಡ್ತೀನಿ' ಎಂಬ ಬೆದರಿಕೆಗೆ ಹೆದರಿ ಸುಮ್ಮನಿರುವವರಿದ್ದಾರೆ. ಹಿಂಸೆಗೆ ಒಳಗಾದ ಹೆಂಡತಿ ಗಂಡನ ಸಹಿಯಿಲ್ಲದೆ ತಾನೇ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವ ಕಾನೂನು ಈ ದೇಶದಲ್ಲಿದೆ. ಅರ್ಹತೆ ಬಗ್ಗೆ ವಕೀಲರನ್ನು ಕೇಳಿ.

ಕೌಟುಂಬಿಕ ಹಿಂಸೆಯ ರಾಷ್ಟ್ರೀಯ ಸಹಾಯವಾಣಿ 1-800-799-7233. ಹಗಲು ರಾತ್ರಿ ತೆರೆದಿರುತ್ತದೆ. ಅವನಿಗೆ ಕಾಣದ ಫೋನ್‌ನಿಂದ ಮಾಡಿ, ಪಕ್ಕದ ಮನೆಯವರದ್ದಾದರೂ ಸರಿ. ಇಂಗ್ಲಿಷ್ ಬರದಿದ್ದರೆ ದುಭಾಷಿ ಬೇಕು ಅನ್ನಿ. ಯಾವ ಭಾಷೆ ಎಂದು ಕೇಳುತ್ತಾರೆ, 'ಕನ್ನಡ' ಎಂದು ಹೇಳಿ ಫೋನ್ ಇಡದೆ ಕಾಯಿರಿ.